ಮಾರ್ಕೆಟ್, ಪೇಟೆ ಸುತ್ತೋಕೆ ಹಗುರವಾದ ಪುಟ್ಟ ಕ್ಯಾಮೆರಾ ಬ್ಯಾಗ್ ಹೇಗೆ ಆರಿಸಲಿ?

ಬೆಳಗಿನ ಬಿಸಿಲು:

ಎಲ್ಲರಿಗೂ ನಮಸ್ಕಾರ. ಬ್ಯಾಗಿನ ವಿಷಯಕ್ಕೆ ನಿಮ್ಮ ಸಲಹೆ ಬೇಕಿತ್ತು.

ಶನಿವಾರ ಬೆಳಿಗ್ಗೆ ವಿಜಯನಗರದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿಯುತ್ತೇನೆ. ಮೊದಲು ಹೂವಿನ ಮಾರ್ಕೆಟ್. ಆಮೇಲೆ ಅವೆನ್ಯೂ ರಸ್ತೆ, ಚಿಕ್ಕಪೇಟೆ, ಬಳೇಪೇಟೆ. ಬಿಸಿಲು ಏರುವ ತನಕ ಸುತ್ತಾಟ. ನನ್ನ ಹತ್ತಿರ ಇರುವುದು ಫ್ಯೂಜಿಫಿಲ್ಮ್ ಎಕ್ಸ್-ಟಿ30, ಹೊಸ ಮಾದರಿಯ 27 ಎಂಎಂ ಲೆನ್ಸ್, ಮತ್ತೆ 35 ಎಂಎಂ ಎಫ್2. ಇಷ್ಟೇ. ಇನ್ನೊಂದು ಲೆನ್ಸ್ ಕೊಳ್ಳುವ ಯೋಚನೆ ಇಲ್ಲ.

ಈಗ ಹಾಕಿಕೊಂಡು ಹೋಗುವುದು ನಮ್ಮ ಮನೆಯವರು ಡಿಎಸ್‌ಎಲ್‌ಆರ್ ಅನ್ನುವ ದೊಡ್ಡ ಕ್ಯಾಮೆರಾಗಳ ಕಾಲದಲ್ಲಿ ತಂದ ಬೆನ್ನುಚೀಲ. ಖಾಲಿ ಇದ್ದರೂ ಒಂದೂವರೆ ಕೆಜಿ ತೂಗುತ್ತದೆ. ನನಗೆ ಎಡ ಭುಜ ಹಿಡಿದುಕೊಂಡಿದೆ. ಭಾರ ಹಾಕಬೇಡಿ ಅಂತ ಡಾಕ್ಟರು ಹೇಳಿದ್ದಾರೆ. ಅದಕ್ಕಿಂತ ಬೇಜಾರಿನ ವಿಷಯ ಇನ್ನೊಂದಿದೆ. ಹೋದ ವಾರ ಒಬ್ಬ ಅಜ್ಜಿ ಕನಕಾಂಬರ ಮೊಳ ಹಾಕುತ್ತಿದ್ದರು. ಮಾಲೆಯ ತುದಿಯನ್ನು ಬೆರಳ ಸಂದಿಯಲ್ಲಿ ಹಿಡಿದು, ಮೊಣಕೈ ತನಕ ಎಳೆದು, ಮೇಲೊಂದು ಗೇಣು ಜಾಸ್ತಿ ಬಿಟ್ಟು ದಾರವನ್ನು ಹಲ್ಲಿನಲ್ಲಿ ಕಡಿದರು. ಆ ಒಂದು ಗೇಣಿಗೆ ಎದುರು ನಿಂತ ಹೆಂಗಸಿನ ಮುಖ ಅರಳಿತು. ಅಷ್ಟೂ ಹೊತ್ತು ನಾನು ಮೊಣಕಾಲು ಮಡಚಿ, ಅದರ ಮೇಲೆ ಬ್ಯಾಗ್ ಇಟ್ಟುಕೊಂಡು, ಜಿಪ್ ಎಳೆಯುತ್ತಿದ್ದೆ. ಕೆಳಗೆ ಇಡುವ ಹಾಗಿಲ್ಲ. ನೆಲವೆಲ್ಲ ನೀರು, ಬಾಳೆ ಎಲೆ, ಕೊಳೆತ ಸೇವಂತಿಗೆ.

ಜೊತೆಗೆ ದೊಡ್ಡ ಕಪ್ಪು ಬ್ಯಾಗ್ ಕಂಡ ಕೂಡಲೇ "ಯಾವ ಚಾನೆಲ್ ಮೇಡಂ?" ಅಂತ ಕೇಳುತ್ತಾರೆ. ಮಾಡುತ್ತಿದ್ದ ಕೆಲಸ ಬಿಟ್ಟು, ಸೆರಗು ಸರಿ ಮಾಡಿಕೊಂಡು, ನೆಟ್ಟಗೆ ನಿಲ್ಲುತ್ತಾರೆ. ಅವರ ಪ್ರೀತಿ ದೊಡ್ಡದು. ಆದರೆ ನನಗೆ ಬೇಕಾಗಿದ್ದು ಆ ಕೆಲಸದ ಚಿತ್ರ.

ಕ್ಯಾಮೆರಾ, ಒಂದು ಲೆನ್ಸ್, ಫೋನು, ಸಣ್ಣ ಪರ್ಸು, ಅರ್ಧ ಲೀಟರ್ ನೀರು, ಮಳೆಗಾಲದಲ್ಲಿ ಮಡಚುವ ಛತ್ರಿ, ಇಷ್ಟು ಹಿಡಿಯಬೇಕು. ಬಜೆಟ್ 4,000 ರೂಪಾಯಿ. ಎದೆಗೆ ಅಡ್ಡ ಹಾಕುವ ಸ್ಲಿಂಗ್ ಒಳ್ಳೆಯದಾ, ಮುಚ್ಚಳ ಇರುವ ಹೆಗಲು ಬ್ಯಾಗಾ, ಇಲ್ಲ ಮಾಮೂಲಿ ಬಟ್ಟೆ ಚೀಲದೊಳಗೆ ಒಂದು ಇನ್ಸರ್ಟ್ (ಫೋಮಿನ ಒಳಚೀಲ) ಇಟ್ಟರೆ ಸಾಕಾ? 3 ಲೀಟರ್, 6 ಲೀಟರ್ ಅಂತೆಲ್ಲ ಬರೆದಿರುತ್ತಾರೆ, ಅದನ್ನು ನೋಡಿ ಏನು ತಿಳಿಯಬೇಕು? ಬ್ರ್ಯಾಂಡ್ ಹೆಸರಿಗಿಂತ, ಏನು ನೋಡಿ ಆರಿಸಬೇಕು ಅಂತ ಹೇಳಿದರೆ ದೊಡ್ಡ ಉಪಕಾರ.

ಕಿಸೆ ಕ್ಯಾಮೆರಾ:

ಮೇಡಂ, ನಾನಾದರೆ ಬ್ಯಾಗೇ ಬೇಡ ಅನ್ನುತ್ತೇನೆ. ನನ್ನದು ರಿಕೋ ಜಿಆರ್ 3. ಬ್ಯಾಟರಿ, ಕಾರ್ಡ್ ಎಲ್ಲ ಸೇರಿ 257 ಗ್ರಾಂ. ಪ್ಯಾಂಟಿನ ಜೇಬಿನಲ್ಲಿ ಕೂರುತ್ತದೆ. ಹೊಸ ಕ್ಯಾಮೆರಾ ತಗೊಳ್ಳಿ ಅಂತ ಹೇಳುತ್ತಿಲ್ಲ. ನಿಮ್ಮ 27 ಎಂಎಂ ಕೂಡ ತೆಳ್ಳಗಿನ ಲೆನ್ಸೇ ಅಲ್ವಾ? 35 ಮನೆಯಲ್ಲಿ ಬಿಟ್ಟು, ಕ್ಯಾಮೆರಾವನ್ನು ಮಣಿಕಟ್ಟಿನ ಪಟ್ಟಿಗೆ ಕಟ್ಟಿಕೊಂಡು ಒಮ್ಮೆ ಹೋಗಿ ನೋಡಿ.

ಬೆಳಗಿನ ಬಿಸಿಲು:

ಧನ್ಯವಾದ ಸರ್. ಕುರ್ತಾ ಜೇಬಿನಲ್ಲಿ ಫೋನೇ ಅರ್ಧ ಹೊರಗೆ ನಿಂತಿರುತ್ತದೆ, ಕ್ಯಾಮೆರಾ ದೂರದ ಮಾತು. ಮೆಟ್ರೋದಲ್ಲಿ ಅದನ್ನು ಕೈಯಲ್ಲೇ ಹಿಡಿದು ಕೂರಲು ಇಷ್ಟವಿಲ್ಲ. 35 ಬಿಡಲಾರೆ. ಮಾರ್ಕೆಟ್ ಕಟ್ಟಡದ ಒಳಗಿನ ಓಣಿಗಳಲ್ಲಿ ಬೆಳಕು ತೀರಾ ಕಡಿಮೆ. ಅಲ್ಲಿ 27ರ ಎಫ್2.8ಕ್ಕೂ 35ರ ಎಫ್2ಕ್ಕೂ ಇರುವ ವ್ಯತ್ಯಾಸ ನನಗೆ ಬೇಕು, ಆ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನೊಳಗೆ ಬೆಳಕು ಜಾಸ್ತಿ ಬರುತ್ತದಲ್ಲ. ಹಾಗಾಗಿ ಬ್ಯಾಗ್ ಬೇಕೇ ಬೇಕು.

ಪೇಟೆಬೀದಿ:

ಮೇಡಂ, ನಾನು ಪತ್ರಿಕೆಗೆ ಫೋಟೋ ತೆಗೆಯುತ್ತಿದ್ದವನು. ಈಗ ನಿವೃತ್ತ. ನೀವು ಹೇಳಿದ ಓಣಿಗಳಲ್ಲೇ ಈಗಲೂ ಓಡಾಡುತ್ತೇನೆ. ಕರಗದ ರಾತ್ರಿ ನೂಕುನುಗ್ಗಲಿನಲ್ಲಿ, ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ, ಆಯುಧಪೂಜೆ ಹಿಂದಿನ ದಿನ ನಿಮ್ಮ ಇದೇ ಮಾರ್ಕೆಟ್ಟಿನಲ್ಲಿ ಬ್ಯಾಗ್ ಹೊತ್ತು ತಿರುಗಿದ್ದೇನೆ. ನನಗೆ ತಿಳಿದಷ್ಟು ಬಿಡಿಸಿ ಹೇಳುತ್ತೇನೆ, ಸ್ವಲ್ಪ ಉದ್ದವಾದರೆ ಬೇಸರ ಮಾಡಿಕೊಳ್ಳಬೇಡಿ.

ಮುಖ್ಯವಾದ ಒಂದು ಮಾತು ಮೊದಲಿಗೇ ಹೇಳಿಬಿಡುತ್ತೇನೆ. ಬೀದಿಯಲ್ಲಿ ಫೋಟೋ ತೆಗೆಯುವಾಗ ಕ್ಯಾಮೆರಾ ಇರುವುದು ಕೈಯಲ್ಲಿ. ಬ್ಯಾಗು ಹೆಚ್ಚುಕಮ್ಮಿ ಖಾಲಿ. ಮೆಟ್ರೋದಲ್ಲಿ, ಮಳೆಯಲ್ಲಿ, ತಿಂಡಿ ತಿನ್ನುವಾಗ, ಯಾರ ಜೊತೆಗಾದರೂ ಕೂತು ಮಾತಾಡುವಾಗ ಮಾತ್ರ ಕ್ಯಾಮೆರಾ ಒಳಗೆ ಹೋಗುತ್ತದೆ. ಆದ್ದರಿಂದ ತುಂಬಿದ ಬ್ಯಾಗ್ ಹೇಗೆ ಕಾಣುತ್ತದೆ ಅಂತ ನೋಡಿ ಕೊಳ್ಳಬೇಡಿ. ಖಾಲಿಯಾದಾಗ ಅದು ನಿಮ್ಮ ಮೈಗೆ ಹೇಗೆ ಅಂಟಿ ಕೂರುತ್ತದೆ ಅಂತ ನೋಡಿ. ಅಂಗಡಿಯಲ್ಲಿ ಇದನ್ನು ಯಾರೂ ನೋಡುವುದಿಲ್ಲ. ನಾಲ್ಕೂ ಕಡೆ ದಪ್ಪ ಫೋಮ್ ತುಂಬಿದ ಬ್ಯಾಗು ಕ್ಯಾಮೆರಾ ಹೊರಗೆ ಬಂದ ಮೇಲೂ ಟಿಫಿನ್ ಕ್ಯಾರಿಯರ್ ಹಾಗೆ ಸೊಂಟದ ಪಕ್ಕ ಉಬ್ಬಿಕೊಂಡೇ ಇರುತ್ತದೆ. ಹೂವಿನ ಬುಟ್ಟಿ ಹೊತ್ತವರು "ಸೈಡ್, ಸೈಡ್" ಅಂತ ಬರುವಾಗ ಗೋಡೆಗೆ ಒರಗಿ ದಾರಿ ಬಿಡಬೇಕಲ್ಲ, ಆಗ ನಿಮಗೇ ಗೊತ್ತಾಗುತ್ತದೆ.

ಇದು ನಾನು ಕಂಡುಹಿಡಿದದ್ದೇನಲ್ಲ. 1970ರ ದಶಕದಲ್ಲಿ ಅಮೆರಿಕದ 'ಫಿಲಡೆಲ್ಫಿಯಾ ಇನ್‌ಕ್ವೈರರ್' ಪತ್ರಿಕೆಯ ಫೋಟೋಗ್ರಾಫರ್ ಜಿಮ್ ಡಾಮ್ಕೆ ಮೆತ್ತನೆಯ ಕ್ಯಾನ್ವಾಸ್ ಬ್ಯಾಗ್ ಮಾಡಿಸಿಕೊಂಡದ್ದು ಇದೇ ಕಾರಣಕ್ಕೆ. ಮೈಗೆ ಹೊಂದಿಕೊಳ್ಳುವ, ಕೈ ಹಾಕಿದರೆ ಸಾಮಾನು ಸಿಗುವ ಚೀಲ ಅವರಿಗೆ ಬೇಕಿತ್ತು. ಡಾಮ್ಕೆ ಬ್ಯಾಗ್ ಅಂತ ಈಗಲೂ ಸಿಗುವುದು ಅದೇ. ಇಂಗ್ಲೆಂಡಿನ ಬಿಲಿಂಗ್‌ಹ್ಯಾಮ್ ಕಂಪನಿಯವರು 1973ರಲ್ಲಿ ಶುರುಮಾಡಿದ್ದು ಮೀನು ಹಿಡಿಯುವವರ ಬ್ಯಾಗು. ಕ್ಯಾಮೆರಾದವರು ಆಮೇಲೆ ಕೈಹಾಕಿದರು. ಅವರ ಬ್ಯಾಗುಗಳು ನಿಮ್ಮ ಬಜೆಟ್ಟಿಗೆ ಬರುವುದಿಲ್ಲ, ಆದರೆ ಚಿತ್ರ ನೋಡಿ ಕಲಿಯುವುದಕ್ಕೆ ದುಡ್ಡು ಕೊಡಬೇಕಾಗಿಲ್ಲವಲ್ಲ. ಮುಚ್ಚಳ, ಪಟ್ಟಿ, ಒಳಜೇಬು ಎಲ್ಲಿಟ್ಟಿದ್ದಾರೆ ಅಂತ ಗಮನಿಸಿ.

ಈಗ ತೂಕ. ನಿಮ್ಮ ಕ್ಯಾಮೆರಾ ಬ್ಯಾಟರಿ, ಕಾರ್ಡ್ ಸೇರಿ 383 ಗ್ರಾಂ. 27 ಎಂಎಂ 84 ಗ್ರಾಂ. 35 ಎಂಎಂ 170 ಗ್ರಾಂ. ಮೂರೂ ಸೇರಿದರೆ 637 ಗ್ರಾಂ. ಅರ್ಧ ಲೀಟರ್ ನೀರು ಅಂದರೆ ಬಾಟಲಿ ಬಿಟ್ಟೇ 500 ಗ್ರಾಂ. ನಿಮ್ಮ ಎರಡೂ ಲೆನ್ಸಿನ ಎರಡರಷ್ಟು! ಭುಜಕ್ಕೆ ಹೊರೆ ಆಗುತ್ತಿರುವುದು ಕ್ಯಾಮೆರಾ ಅಲ್ಲ, ಬ್ಯಾಗು ಮತ್ತು ನೀರು. ನೀರನ್ನು ಕ್ಯಾಮೆರಾ ಜೊತೆ ಇಡುವುದೂ ಬೇಡ. ಹೊರಡುವ ಮುಂಚೆ ಮನೆಯಲ್ಲಿ ಕುಡಿಯಿರಿ, ಮಾರ್ಕೆಟ್ಟಿನ ಹೊರಗೆ ಎಳನೀರು ಕುಡಿಯಿರಿ. ಆಗ ನಿಮ್ಮ ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು. ಖಾಲಿ ಬ್ಯಾಗು 400 ಗ್ರಾಂ ದಾಟದಿರಲಿ. ಛತ್ರಿ, ಫೋನು ಸೇರಿಸಿಕೊಂಡರೂ ಒಂದೂವರೆ ಕೆಜಿ ಆಸುಪಾಸಿನಲ್ಲಿ ನಿಲ್ಲುತ್ತದೆ. ಅಂದರೆ ಈಗಿನ ನಿಮ್ಮ ಖಾಲಿ ಬ್ಯಾಗಿನಷ್ಟು.

ಲೀಟರ್ ಲೆಕ್ಕ ಬಿಡಿ. ಅದು ಒಳಗಿನ ಒಟ್ಟು ಜಾಗ ಹೇಳುತ್ತದೆ, ಆಕಾರ ಹೇಳುವುದಿಲ್ಲ. ಒಂದು ಟೇಪು ತಗೊಂಡು ಹೋಗಿ. ಎಕ್ಸ್-ಟಿ30 ಸುಮಾರು 12 ಸೆಂ.ಮೀ. ಅಗಲ, 8.3 ಸೆಂ.ಮೀ. ಎತ್ತರ. 27 ಎಂಎಂ ಹಾಕಿದರೆ ಮುಂದಿನಿಂದ ಹಿಂದಕ್ಕೆ 7 ಸೆಂ.ಮೀ. ಆಗುತ್ತದೆ. ಪಕ್ಕದಲ್ಲಿ 35 ಎಂಎಂ ನಿಲ್ಲಿಸಲು 6 ಸೆಂ.ಮೀ. ಬೇಕು, ನಡುವೆ ಒಂದು ತಡೆ. ಒಳ ಅಳತೆ 22 ಸೆಂ.ಮೀ. ಉದ್ದ, 14 ಎತ್ತರ, 9 ಅಗಲ ಇದ್ದರೆ ಧಾರಾಳ. ಎತ್ತರದಲ್ಲಿ ಉಳಿಯುವ ಜಾಗಕ್ಕೆ ಪರ್ಸು ಹೋಗುತ್ತದೆ. ಇದಕ್ಕಿಂತ ದೊಡ್ಡದು ಬೇಡ. ಜಾಗ ಇದ್ದರೆ ಏನಾದರೂ ತುಂಬೇ ತುಂಬುತ್ತೇವೆ.

ಬ್ಯಾಗಿನ ಬಾಯಿ ಚೆನ್ನಾಗಿ ನೋಡಿ. ನಾನು ಕೊಳ್ಳುವಾಗ ಅರ್ಧ ಹೊತ್ತು ಬಾಯಿಗೇ ಕೊಡುತ್ತೇನೆ. ಬ್ಯಾಗ್ ಹಾಕಿಕೊಂಡು, ಎದುರಿಗೆ ನೋಡುತ್ತಾ, ಒಂದೇ ಕೈಯಲ್ಲಿ ತೆರೆಯಿರಿ. ಜಿಪ್ ಸಿಕ್ಕಿಕೊಂಡರೆ ಬೇಡ. ತೆರೆದ ಮೇಲೆ ಬಾಯಿ ತಾನಾಗಿ ಮುಚ್ಚಿಕೊಂಡರೂ ಬೇಡ. ಜಿಪ್ಪಿನ ಹಲ್ಲು ಕೈಯ ಹಿಂಭಾಗಕ್ಕೆ ಗೀರುತ್ತದಾ ನೋಡಿ, ಹಾಗಿದ್ದರೆ ಕ್ಯಾಮೆರಾ ಮೈಯನ್ನೂ ಗೀರುತ್ತದೆ. ಮುಚ್ಚಳ ನಿಮ್ಮಿಂದ ಹೊರಗಡೆಗೆ ತೆರೆಯಬೇಕು, ಹೊಟ್ಟೆಯ ಕಡೆಗೆ ತೆರೆದರೆ ಕೈ ಅಡ್ಡಿ. ವೆಲ್ಕ್ರೋ ಇದ್ದರೆ ಅಂಗಡಿಯಲ್ಲೇ ಒಮ್ಮೆ ಎಳೆದು ನೋಡಿ. ಬೀದಿಯ ಗದ್ದಲದಲ್ಲಿ ತೊಂದರೆ ಇಲ್ಲ. ಧರ್ಮರಾಯಸ್ವಾಮಿ ಗುಡಿಯ ಹತ್ತಿರ ಕೈಮುಗಿದು ನಿಂತವರ ಪಕ್ಕದಲ್ಲಿ ಅದು 'ಚರ್ರ್' ಅಂದರೆ ಎಲ್ಲರೂ ತಿರುಗುತ್ತಾರೆ. ಹೊಲಿಯುವವರ ಹತ್ತಿರ ಅದರ ಮೇಲೊಂದು ಬಟ್ಟೆ ಹೊಲಿಸಿ, ಒಂದು ಕೊಕ್ಕೆ ಹಾಕಿಸಿದರೆ ಸರಿಹೋಗುತ್ತದೆ.

ಸ್ಲಿಂಗಾ ಹೆಗಲು ಬ್ಯಾಗಾ ಅಂದಿರಿ. ಮಾಮೂಲಿಯಾಗಿ ನಾನು ಹೆಗಲು ಬ್ಯಾಗಿನ ಕಡೆ. ಆದರೆ ನಿಮ್ಮ ಭುಜದ ವಿಷಯ ಕೇಳಿದ ಮೇಲೆ ಬೇರೆ ಮಾತು ಹೇಳುತ್ತೇನೆ. ಪಟ್ಟಿಯನ್ನು ಚಿಕ್ಕದು ಮಾಡಿ ಸೊಂಟಕ್ಕೂ ಕಟ್ಟಿಕೊಳ್ಳಬಹುದಾದ ಸ್ಲಿಂಗ್ ತಗೊಳ್ಳಿ. ಭಾರವೆಲ್ಲ ಸೊಂಟದ ಮೂಳೆಯ ಮೇಲೆ ಕೂರುತ್ತದೆ, ಭುಜಕ್ಕೆ ಏನೂ ಇಲ್ಲ. ಬ್ಯಾಗ್ ಹೊಟ್ಟೆಯ ಮುಂದೆಯೇ ಇರುವುದರಿಂದ ಚಿಕ್ಕಪೇಟೆ ಜನಜಂಗುಳಿಯಲ್ಲಿ ಯಾರೂ ಕೈಹಾಕಲಾರರು. ದುಪಟ್ಟಾ ಹಾಕುವವರಾದರೆ ಅಡ್ಡಪಟ್ಟಿ, ಕ್ಯಾಮೆರಾ ಪಟ್ಟಿ, ದುಪಟ್ಟಾ ಮೂರೂ ಸೇರಿ ಗಂಟಾಗುವ ತಾಪತ್ರಯವೂ ತಪ್ಪುತ್ತದೆ. ಕ್ಯಾಮೆರಾಕ್ಕೆ ಕೊರಳಪಟ್ಟಿ ಬಿಚ್ಚಿ ಮಣಿಕಟ್ಟಿನ ಪಟ್ಟಿ ಹಾಕಿ. ಮೇಲಿನ 'ಕಿಸೆ ಕ್ಯಾಮೆರಾ' ಹೇಳಿದ ಆ ಮಾತು ನೂರಕ್ಕೆ ನೂರು ಸರಿ.

ಫೋಮ್ ಬಗ್ಗೆ ಒಂದು ಮಾತು. ಪೂರ್ತಿ ಬೇಡವೆಂದಲ್ಲ. ಮೆಟ್ರೋ ಸ್ಕ್ಯಾನರಿನ ಬೆಲ್ಟಿನ ಮೇಲೆ ನಿಮ್ಮ ಪುಟ್ಟ ಬ್ಯಾಗಿನ ಹಿಂದೆ ಯಾರದೋ ಟ್ರಾಲಿ ಸೂಟ್‌ಕೇಸ್ ಬಂದು ಗುದ್ದುತ್ತದೆ. ತಳಕ್ಕೆ ಒಳ್ಳೆ ದಪ್ಪ, ಪಕ್ಕಗಳಿಗೆ ತೆಳು, ಇಷ್ಟಿದ್ದರೆ ಸಾಕು. ಬಣ್ಣ ಹೊರಗೆ ಮಾಸಲು ಕಂದು ಅಥವಾ ಬೂದು ಇರಲಿ. ಒಳಗಿನ ಬಟ್ಟೆ ತಿಳಿ ಬಣ್ಣದ್ದಿರಲಿ. ಕಪ್ಪು ಬ್ಯಾಗಿನೊಳಗೆ ಕಪ್ಪು ಲೆನ್ಸ್ ಮುಚ್ಚಳ ಹುಡುಕುವುದು ಬಲು ಕಷ್ಟ.

ಇನ್ನೊಂದು ಬ್ಯಾಟರಿ ಇಟ್ಟುಕೊಳ್ಳಿ. ನಿಮ್ಮ ಕ್ಯಾಮೆರಾ ಒಂದು ಚಾರ್ಜಿಗೆ ಸುಮಾರು 380 ಚಿತ್ರ ಅಂತ ಕಂಪನಿ ಹೇಳುತ್ತದೆ. ಬೆಳಿಗ್ಗೆಯಿಂದ ಆನ್ ಮಾಡಿಟ್ಟುಕೊಂಡೇ ಸುತ್ತಿದರೆ ಅಷ್ಟು ಬರುವುದಿಲ್ಲ.

ಬೆಳಗಿನ ಬಿಸಿಲು:

ಪೇಟೆಬೀದಿ ಸರ್, ಇಷ್ಟು ಬಿಡಿಸಿ ಬರೆದಿದ್ದಕ್ಕೆ ಹೇಗೆ ಧನ್ಯವಾದ ಹೇಳಲಿ! ನೀರಿನ ತೂಕ ಓದಿ ಕೂಡಲೇ ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟು ನೋಡಿದೆ. ಸ್ಟೀಲ್ ಬಾಟಲಿ ಸೇರಿ ಮುಕ್ಕಾಲು ಕೆಜಿ. ಅದನ್ನು ಇನ್ನು ಮೇಲೆ ಒಯ್ಯುವುದಿಲ್ಲ.

ಮಳೆಗೆ ಏನು ಮಾಡಲಿ? ಎರಡೂ ಲೆನ್ಸ್ ಮಳೆ ತಡೆಯುತ್ತವೆ ಅಂತ ಪೆಟ್ಟಿಗೆ ಮೇಲೆ ಇದೆ. ಹಾಗಾದರೆ ತೆಳು ಬಟ್ಟೆಯ ಬ್ಯಾಗ್ ಆದರೂ ನಡೆಯುತ್ತದಾ?

ಬಂದರು ಮಳೆ:

ಮಳೆ ಅಂದಿರಿ, ಅದಕ್ಕೇ ಬಂದೆ. ನಾನು ಮಂಗಳೂರಿನವನು. ಧಕ್ಕೆಯಲ್ಲಿ, ರಥಬೀದಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ನೀರಿನಲ್ಲೇ ಫೋಟೋ ತೆಗೆಯುವವನು.

ಲೆನ್ಸಿನ ಮೇಲೆ ಡಬ್ಲ್ಯುಆರ್ (ವೆದರ್ ರೆಸಿಸ್ಟೆಂಟ್) ಅಂತ ಇರುವುದು ನಿಜ. ಆದರೆ ಎಕ್ಸ್-ಟಿ30 ಕ್ಯಾಮೆರಾಕ್ಕೆ ಆ ರಕ್ಷಣೆ ಇಲ್ಲ ಮಾರಾಯ್ರೇ. ಲೆನ್ಸಿಗೆ ರೈನ್‌ಕೋಟ್ ಇದ್ದು ಏನು ಬಂತು, ಗುಂಡಿಗಳ ಸಂದಿಯಿಂದ, ಕಾರ್ಡ್ ಬಾಗಿಲಿನಿಂದ ನೀರು ಇಳಿಯುತ್ತದೆ. ಮಳೆ ಶುರುವಾದ ಕೂಡಲೇ ಕ್ಯಾಮೆರಾ ಬ್ಯಾಗಿನೊಳಗೆ ಹೋಗಬೇಕು. ಹಾಗಾಗಿ ಬ್ಯಾಗಿನ ಹೊರಬಟ್ಟೆ ನೈಲಾನ್ ಇದ್ದು, ಒಳಮೈಗೆ ಲೇಪ ಇರುವುದನ್ನೇ ನೋಡಿ. ಬಟ್ಟೆಗಿಂತ ಜಿಪ್ಪಿನಿಂದಲೇ ನೀರು ಹೋಗುವುದು ಜಾಸ್ತಿ. ಜಿಪ್ಪಿನ ಮೇಲೆ ಒಂದು ಬಟ್ಟೆಯ ಅಂಚು ಇಳಿಬಿದ್ದಿದೆಯಾ ನೋಡಿ. ಬೇರೆ ರೈನ್‌ಕವರ್ ಬೇಡ, ಹಾಲಿನ ಡೈರಿಯಲ್ಲಿ ಕೊಡುವಂಥ ಗಟ್ಟಿ ಪ್ಲಾಸ್ಟಿಕ್ ಚೀಲ ಒಂದನ್ನು ಮಡಚಿ ತಳದಲ್ಲಿ ಇಟ್ಟುಕೊಳ್ಳಿ. ಕ್ಯಾಮೆರಾ ಅದರೊಳಗೆ ಹಾಕಿ ಬ್ಯಾಗಿಗೆ ಇಟ್ಟರೆ ಎಂಥ ಮಳೆಗೂ ಹೆದರಬೇಕಾಗಿಲ್ಲ.

ಕ್ಯಾನ್ವಾಸ್ ನೋಡಲು ಚಂದ, ನನಗೂ ಇಷ್ಟ. ಆದರೆ ಒದ್ದೆಯಾದರೆ ನಮ್ಮೂರಿನಲ್ಲಿ ಬೇಗ ಒಣಗುವುದೇ ಇಲ್ಲ. ಬೆಂಗಳೂರಿನಲ್ಲಿ ಅಷ್ಟು ಕಷ್ಟವಿಲ್ಲ. ಸಮುದ್ರದ ಹತ್ತಿರ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಕಬ್ಬಿಣದ ಕೊಕ್ಕೆ, ಬಳೆ ಇರುವ ಬ್ಯಾಗ್ ತಗೊಳ್ಳಬೇಡಿ. ಉಪ್ಪುಗಾಳಿಗೆ ತುಕ್ಕು ಹಿಡಿದು ಅಂಗಿಗೆ ಕಲೆಯಾಗುತ್ತದೆ. ಪ್ಲಾಸ್ಟಿಕ್ ಇಲ್ಲವೇ ಹಿತ್ತಾಳೆಯದ್ದೇ ಸರಿ.

ಎಲ್ಲಕ್ಕಿಂತ ಮುಖ್ಯ, ಮನೆಗೆ ಬಂದ ಮೇಲೆ ಕ್ಯಾಮೆರಾ ಬ್ಯಾಗಿನಲ್ಲೇ ಬಿಡಬೇಡಿ. ದಯವಿಟ್ಟು ಬಿಡಬೇಡಿ. ಫೋಮ್ ತೇವ ಹೀರಿಕೊಂಡು ಕೂರುತ್ತದೆ, ಒಳಗೆ ಕತ್ತಲೆ, ಗಾಳಿ ಆಡುವುದಿಲ್ಲ. ಲೆನ್ಸಿಗೆ ಫಂಗಸ್ ಬರುವುದಕ್ಕೆ ಇನ್ನೇನು ಬೇಕು? ಗಾಳಿಯ ತೇವ ಶೇ. 60 ದಾಟಿದರೆ ಫಂಗಸ್ ಬೆಳೆಯಲು ಅನುಕೂಲ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಒಂದು ಪುಟ್ಟ ತೇವಮಾಪಕ, ಇಷ್ಟಕ್ಕೆ ದೊಡ್ಡ ಖರ್ಚಿಲ್ಲ. ಶೇ. 40ರಿಂದ 50ರ ನಡುವೆ ಇದ್ದರೆ ನೆಮ್ಮದಿ. ನೀಲಿ ಜೆಲ್ ಗುಲಾಬಿಗೆ ತಿರುಗಿದರೆ ಅದು ತೇವ ಕುಡಿದು ತುಂಬಿದೆ ಅಂತ. ಬಿಸಿ ಮಾಡಿ ಒಣಗಿಸಿದರೆ ಮತ್ತೆ ನೀಲಿಯಾಗುತ್ತದೆ.

ಬೆಳಗಿನ ಬಿಸಿಲು:

ನಿನ್ನೆ ಕ್ಯಾಮೆರಾ, ಟೇಪು ಎರಡನ್ನೂ ಹಿಡಿದುಕೊಂಡು ಬ್ಯಾಗ್ ಅಂಗಡಿಗೆ ಹೋಗಿದ್ದೆ. ಮೊದಲು ಕ್ಯಾಮೆರಾದ್ದೇ ಅಂತ ಮಾರುವ ಸ್ಲಿಂಗ್ ನೋಡಿದೆ. ಹೊಲಿಗೆ ಚೆನ್ನಾಗಿತ್ತು. ಆದರೆ ಪೇಟೆಬೀದಿ ಸರ್ ಹೇಳಿದ ಹಾಗೆ ಕ್ಯಾಮೆರಾ ಹೊರಗೆ ತೆಗೆದು ಕನ್ನಡಿ ಮುಂದೆ ನಿಂತೆ. ಬ್ಯಾಗಿನ ಉಬ್ಬು ಒಂದಿಷ್ಟೂ ಇಳಿಯಲಿಲ್ಲ. ಅಂಗಡಿಯ ಹುಡುಗ ಬೇಸರವಿಲ್ಲದೆ ಒಂದೊಂದೇ ತೆಗೆದುಕೊಟ್ಟ. ಒಂದೇ ಕೈಯಲ್ಲಿ ಜಿಪ್ ಎಳೆಯುವಾಗ ಬ್ಯಾಗೇ ಜಿಪ್ಪಿನ ಜೊತೆ ಜರುಗುತ್ತಿತ್ತು. ಎಡಗೈಯಲ್ಲಿ ಬ್ಯಾಗ್ ಹಿಡಿದುಕೊಳ್ಳದೆ ತೆರೆಯಲು ಆಗುತ್ತಿರಲಿಲ್ಲ. ಸೊಂಟಕ್ಕೆ ಕಟ್ಟಿದ ಮೇಲೆ ಆ ತೊಂದರೆ ಇಲ್ಲ, ಬ್ಯಾಗು ಅಲುಗುವುದೇ ಇಲ್ಲ!

ಕೊನೆಗೆ ತಗೊಂಡದ್ದು ಬೂದು ನೈಲಾನಿನ ಮಾಮೂಲಿ ಸ್ಲಿಂಗ್. ಕ್ಯಾಮೆರಾದ್ದಲ್ಲ, ಹೆಸರಿಲ್ಲದ್ದು. ಒಳಮೈಗೆ ಲೇಪ ಇದೆ, ಜಿಪ್ಪಿನ ಮೇಲೆ ಬಟ್ಟೆಯ ಅಂಚಿದೆ. ಮನೆಯಲ್ಲಿ ತೂಗಿದರೆ 300 ಗ್ರಾಮೂ ಇಲ್ಲ. ಒಳ ಅಳತೆ 23, 15, 9. ಹಿಂಭಾಗದಲ್ಲಿ ಹೊಟ್ಟೆಗೆ ತಾಗುವ ಕಡೆ ಚಪ್ಪಟೆ ಜೇಬಿದೆ, ಅಲ್ಲಿ ಫೋನು. ಛತ್ರಿ ಹಿಡಿಸಲಿಲ್ಲ, ಕೆಳಗಡೆ ಎರಡು ಪಟ್ಟಿ ಇವೆ, ಅದಕ್ಕೆ ಸಿಕ್ಕಿಸಬಹುದು. ಒದ್ದೆ ಛತ್ರಿ ಹೊರಗೇ ಇದ್ದರೆ ಒಳ್ಳೆಯದೇ ಅಲ್ವಾ?

ನಮ್ಮ ಬೀದಿಯಲ್ಲಿ ಸ್ಕೂಲ್ ಬ್ಯಾಗ್ ರಿಪೇರಿ ಮಾಡುವವರೊಬ್ಬರಿದ್ದಾರೆ. ಫೋಮ್ ಇನ್ಸರ್ಟ್ ಅವರ ಹತ್ತಿರವೇ ಹೊಲಿಸಬೇಕು ಅಂದುಕೊಂಡಿದ್ದೇನೆ. ತಳಕ್ಕೆ ದಪ್ಪ, ಪಕ್ಕಕ್ಕೆ ತೆಳು, ಒಳಗೆ ತಿಳಿ ಹಳದಿ ಬಟ್ಟೆ. ಎಲ್ಲ ಸೇರಿದರೂ 2,000 ದಾಟುವುದಿಲ್ಲ. ಒಂದೇ ಅನುಮಾನ. ಇನ್ಸರ್ಟನ್ನು ಬ್ಯಾಗಿಗೇ ಸೇರಿಸಿ ಹೊಲಿದುಬಿಡಲಾ, ಅಲುಗಾಡುವುದಿಲ್ಲ ಅನ್ನುತ್ತಿದ್ದಾರೆ ಅವರು. ಹಾಗೆ ಮಾಡಿಸಬಹುದಾ?

ಬಂದರು ಮಳೆ:

ಬೇಡವೇ ಬೇಡ! ಹೊರಬಟ್ಟೆಗೆ ಸೂಜಿ ಬಿದ್ದ ಕಡೆಯೆಲ್ಲ ಲೇಪ ತೂತಾಗುತ್ತದೆ. ಮಳೆಯಲ್ಲಿ ನೀರು ದಾರ ಹಿಡಿದುಕೊಂಡೇ ಒಳಗೆ ಇಳಿಯುತ್ತದೆ. ಇನ್ಸರ್ಟ್ ಬಿಡಿಯಾಗಿಯೇ ಇರಲಿ. ಒದ್ದೆಯಾದಾಗ ಹೊರಗೆ ತೆಗೆದು ಬಿಸಿಲಿಗೆ ಹಾಕಬಹುದು.

ಪೇಟೆಬೀದಿ:

ಬಂದರು ಮಳೆಯವರು ಹೇಳಿದ್ದೇ ಸರಿ. ಅಲುಗಾಡದಿರಲು ಇನ್ಸರ್ಟನ್ನು ಬ್ಯಾಗಿನ ಒಳ ಅಳತೆಗಿಂತ ಒಂದು ನೂಲಿನಷ್ಟು ದೊಡ್ಡದೇ ಹೊಲಿಯಲು ಹೇಳಿ. ಫೋಮ್ ಒತ್ತಿಕೊಂಡು ತಾನೇ ಗಟ್ಟಿಯಾಗಿ ಕೂರುತ್ತದೆ. ನಡುವಿನ ತಡೆ ಮಾತ್ರ ತೆಗೆದು ಹಾಕುವ ಹಾಗೆ ಮಾಡಿಸಿ, ಅದಕ್ಕೆ ವೆಲ್ಕ್ರೋ ಇದ್ದರೆ ಅಡ್ಡಿಯಿಲ್ಲ, ಅದನ್ನು ಬೀದಿಯಲ್ಲಿ ನಿಂತು ಎಳೆಯುವುದಿಲ್ಲವಲ್ಲ. ಅಳತೆಗೆ ಕೊಡುವಾಗ ಕ್ಯಾಮೆರಾಕ್ಕೆ ಮಣಿಕಟ್ಟಿನ ಪಟ್ಟಿ ಹಾಕಿಯೇ ಒಯ್ಯಿರಿ. ಆ ಪಟ್ಟಿಯ ಗಂಟಿಗೂ ಒಂದಿಷ್ಟು ಜಾಗ ಬೇಕಾಗುತ್ತದೆ.